ಮಾಲಕರ ಕೊಡೆ, ಗೌರವ್ವನ ಮೊರ

ಸ್ವಲ್ಪ ನಿಲ್ಲಿ, ಪುಟ ಮಗುಚಬೇಡಿ. ನಿವೃತ್ತನಾದವನು ಕೆಲಸದ ಅನುಭವ ಹೇಳುತ್ತಾನೆ ಎಂದರೆ ನರೆತ ಮೀಸೆ, ಕೈಯಲ್ಲಿ ಬೆತ್ತ ಎಂದುಕೊಂಡಿರಬೇಕು ನೀವು. ನನಗೆ ಇಪ್ಪತ್ತಾರು ವರ್ಷ. ಹತ್ತನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದೆ, ಇಪ್ಪತ್ತಕ್ಕೆ ನಿವೃತ್ತನಾದೆ. ಅದರಲ್ಲಿ ಆರು ವರ್ಷ ರಾಣಿಯಾಗಿದ್ದೆ, ಕೆಲವು ವಾರ ರಾಜನಾಗಿದ್ದೆ. ನನ್ನ ದನಿ ನನ್ನ ಕಿವಿಗೇ ಕೇಳಿಸದೆ ಹೋದ ಒಂದು ಬೆಳಗಿನ ಸಂಗತಿ ಹೇಳಲಿಕ್ಕಿದೆ, ಅದಕ್ಕಾಗಿ ಕಾಯಿರಿ. ಅದು ತಿಳಿಯಬೇಕಾದರೆ ಮೊದಲು ಒಂದು ಕೊಡೆಯ ವಿಷಯ ಗೊತ್ತಿರಬೇಕು.

ನಮ್ಮೂರು ಬೇವೂರು. ಅಲ್ಲಿ ಹಾಡು ಕಲಿಸುವವರು ಯಾರೂ ಇರಲಿಲ್ಲ. ಕೊಪ್ಪಳದಲ್ಲಿ ನಮ್ಮ ಸೋದರಮಾವ ಒಂದು ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆಯುತ್ತಿದ್ದ. ಆ ಅಂಗಡಿಯಲ್ಲಿ ಗ್ರಾಮಫೋನು ಇತ್ತು. ಗಿರಾಕಿಗಳು ಬರಲಿ ಎಂದು ಸಾವಕಾರರು ಬೆಳಿಗ್ಗೆ ಎರಡು ಪ್ಲೇಟು, ಸಂಜೆ ಎರಡು ಪ್ಲೇಟು ಹಚ್ಚುತ್ತಿದ್ದರು. ಶಾಲೆ ಬಿಟ್ಟು ಮಾವನ ಮನೆಗೆ ಬಂದಿದ್ದ ನಾನು ಆ ತುತ್ತೂರಿಯ ಬಾಯಿಗೆ ಕಿವಿ ಕೊಟ್ಟು ಕೂತು, ನಾಲ್ಕು ಹಾಡು ಒಂದು ಉಸಿರೂ ತಪ್ಪದಂತೆ ಕಲಿತೆ. ಸ ಎಂದರೇನು, ರಿ ಎಂದರೇನು, ಒಂದೂ ಗೊತ್ತಿಲ್ಲ. ಪ್ಲೇಟು ಹೇಗೆ ಹಾಡಿತೋ ಹಾಗೆ.

ಆ ವರ್ಷ ಕೊಪ್ಪಳಕ್ಕೆ ಕಂಪನಿಯ ಕ್ಯಾಂಪು ಬಂತು. ಮಾವ ನನ್ನನ್ನು ಕರೆದುಕೊಂಡು ಹೋಗಿ ಮಾಲಕರ ಮುಂದೆ ನಿಲ್ಲಿಸಿದ. ಮಾಲಕರು ಅಂದರೆ ಸಿದ್ದಪ್ಪನವರು, ದಪ್ಪ ದೇಹ, ದೊಡ್ಡ ರುಮಾಲು, ಕಂಕುಳಲ್ಲಿ ಸದಾ ಒಂದು ಕೊಡೆ. ಹಾಡುವವರನ್ನು ಅವರು ಪರೀಕ್ಷೆ ಮಾಡುವ ರೀತಿಯೇ ಬೇರೆ. ಹುಡುಗನನ್ನು ರಂಗದ ಮೇಲೆ ನಿಲ್ಲಿಸಿ, ತಾವು ತಗಡಿನ ಥೇಟರಿನ ಹಿಂದಿನ ಬಾಗಿಲ ತನಕ ನಡೆದು ಹೋಗಿ, ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಸಾಹಿತ್ಯದ ಒಂದೊಂದು ಅಕ್ಷರವೂ ಅಲ್ಲಿಗೆ ಮುಟ್ಟಿದರೆ ಕೊಡೆ ಮೇಲಕ್ಕೆ ಏರುತ್ತಿತ್ತು. ಮುಟ್ಟದಿದ್ದರೆ ಇಲ್ಲ. ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೆ ಕೇಳಿಸದ ಹಾಡು ಅವರ ಲೆಕ್ಕದಲ್ಲಿ ಹಾಡೇ ಅಲ್ಲ.

ನಾನು ಬಾಯಿ ತೆಗೆದೆ. ಎರಡನೆಯ ಸಾಲಿಗೇ ಕೊಡೆ ಏರಿತು. ಅವತ್ತಿನಿಂದ ಎಷ್ಟೋ ವರ್ಷ, ಚೆನ್ನಾಗಿ ಹಾಡುವುದು ಎಂದರೆ ಕೊಡೆ ಏರುವುದು ಎಂದೇ ನಾನು ತಿಳಿದಿದ್ದೆ.

ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು ಖಾಸೀಂ ಮಾಸ್ತರು. ತೆಳ್ಳಗಿನ ಮನುಷ್ಯ. ಬೆರಳುಗಳು ಎಲೆಯಡಿಕೆ ಹಚ್ಚುವಾಗಲೂ ಏನೋ ನುಡಿಸುತ್ತಿದ್ದಂತೆ ಕಾಣುತ್ತಿದ್ದವು. ಮೊದಲ ತಾಲೀಮಿನ ದಿನ ನಾನು ಅಂಗಡಿಯಲ್ಲಿ ಕಲಿತ ಹಾಡನ್ನು ಹಾಡಿದೆ. ಕಡೆಯ ನುಡಿಗೆ ಬಂದಾಗ ಅವರು ಪೇಟಿ ನಿಲ್ಲಿಸಿದರು.

"ಕಡೀಕ ಯಾಕ ಇಳೀಲಿಕ್ಹತ್ತಿ ಬೇಟಾ?"

"ಆ ಹಾಡು ಹಂಗ ಐತ್ರಿ ಮಾಸ್ತರ."

"ಯಾರ ಹೇಳಿದ್ರು?"

"ಅಂಗಡಿ ಸಾವಕಾರರ ಪ್ಲೇಟ್ನ್ಯಾಗ ಹಂಗ ಐತ್ರಿ. ಕಡೀ ನುಡಿ ಬರೂತ್ಲೇ ದನಿ ಸಾವಕಾಶ ಕೆಳಗ ಕೆಳಗ ಹೋಗ್ತೈತ್ರಿ."

ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಹಾಡಲ್ಲೋ, ಕೀಲಿ ಮುಗೀಲಿಕ್ಹತ್ತಿತ್ತು. ನಿಮ್ಮ ಸಾವಕಾರ ಕೀಲಿ ಪೂರ್ತಿ ಕೊಡತಿದ್ದಿಲ್ಲ."

ನಾಲ್ಕೂ ಹಾಡುಗಳನ್ನು ನಾನು ಕೀಲಿ ಸಡಿಲಾದ ಗ್ರಾಮಫೋನಿನಂತೆಯೇ ಕಲಿತಿದ್ದೆ. ಮಾಸ್ತರು ಒಂದೊಂದರ ಬಾಲವನ್ನೂ ಎತ್ತಿ ಸರಿ ಮಾಡಿಸಿದರು. ತಾನೇ ಕಲಿಯುವವನ ಕಷ್ಟ ಇದು. ತಪ್ಪನ್ನೂ ಅಷ್ಟೇ ಭಕ್ತಿಯಿಂದ ಕಲಿತಿರುತ್ತಾನೆ, ತಪ್ಪು ಅಂತ ಗೊತ್ತಾಗುವುದಕ್ಕೆ ಅವನ ಹತ್ತಿರ ಬೇರೊಂದು ಪ್ಲೇಟು ಇರುವುದಿಲ್ಲ.

ಆಮೇಲಿನ ಆರು ವರ್ಷ ನೆನೆದರೆ ಈಗಲೂ ಮೂಗಿಗೆ ಮುಖಕ್ಕೆ ಬಳಿಯುವ ಸಫೇದದ ವಾಸನೆ ಬರುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಸುಗ್ಗಿ ಮುಗಿದ ಮೇಲೆ ಗಂಗಾವತಿ. ಬಂಡಿಗಳ ಮೇಲೆ ಪರದೆ, ಪರದೆಗಳ ಮೇಲೆ ನಾವು. ನಾನು ರಾಣಿ. ಮೇಲಿನ ಸ್ವರ ಹಿಡಿದಾಗ ಎಡಗೈಯಿಂದ ಭುಜದ ಸೆರಗು ಹಿಡಿದು ಸ್ವಲ್ಪ ಮುಂದಕ್ಕೆ ಬಾಗುವುದು ನನ್ನ ಠೀವಿ. ಜನ ಬಾಯಲ್ಲಿನ ಎಲೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ಆ ನಿಲ್ಲುವಿಕೆ ರಂಗದ ಮೇಲೆ ಇದ್ದವನಿಗೆ ಗೊತ್ತಾಗುತ್ತದೆ. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮನ್ನು ನೋಡಿದರೆ ಗೆದ್ದೆವು, ಅಷ್ಟೇ ನಮ್ಮ ಶಾಸ್ತ್ರ.

ಕುಷ್ಟಗಿ ಕ್ಯಾಂಪಿನಲ್ಲಿ ನನ್ನ ದನಿ ಒಡೆಯಿತು. ಆಗ ಹದಿನಾರು. ಬೆಳಗಿನ ತಾಲೀಮಿನಲ್ಲೇ ಗಂಟಲಲ್ಲಿ ಏನೋ ಹರಿದ ಹಾಗಾಗಿತ್ತು, ಯಾರಿಗೂ ಹೇಳಲಿಲ್ಲ. ನಾಟಕದಲ್ಲಿ ಮೇಲಿನ ಸ್ವರ ಬಂತು, ನಾನು ಸೆರಗು ಹಿಡಿದು ಬಾಗಿದೆ, ಬಾಯಿ ತೆಗೆದೆ, ಎಮ್ಮೆಯ ಕರುವಿನ ದನಿ ಬಂತು. ಖಾಸೀಂ ಮಾಸ್ತರು ತಕ್ಷಣ ಆ ಜಾಗವನ್ನು ಪೇಟಿಯಲ್ಲಿ ನುಡಿಸಿಬಿಟ್ಟರು. ಮುಂದಿನ ಮೂರು ಆಟಗಳಲ್ಲಿ ನಾನು ಬಾಯಿ ಅಲ್ಲಾಡಿಸಿದೆ, ಮೇಲಿನ ಸ್ವರವೆಲ್ಲ ಅವರ ಪೇಟಿಯೇ ಹಾಡಿತು. ನಾಲ್ಕನೆಯ ದಿನ ಮುಂದಿನ ಸಾಲಿನವನೊಬ್ಬ, "ರಾಣಿ ಗಂಟಲದಾಗ ಪೇಟಿ ಐತೋ" ಎಂದ. ಅಲ್ಲಿಗೆ ಮುಗಿಯಿತು.

ನನ್ನ ಸೀರೆಯ ಪೆಟ್ಟಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳ ಪಾಲಾಯಿತು. ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬರುವ ಕಾಲ ಶುರುವಾಗಿತ್ತು. ಆಕೆ ಪಾಪ ಒಳ್ಳೆಯವಳು. ಮೊದಲ ದಿನವೇ ಬಂದು, "ಅಣ್ಣಾರ, ಗದ್ದುಗಿ ಮ್ಯಾಲೆ ಕುಂತಾಗ ನಿರಿಗಿ ಹ್ಯಾಂಗ ಬಿಡ್ತೀರಿ?" ಎಂದು ಕೇಳಿದಳು. ನಾನು ಹೇಳಿಕೊಟ್ಟೆ. ಆಮೇಲೆ ಒಂದು ವರ್ಷ ಪರದೆ ಎಳೆದೆ.

ಮಾಲಕರು ಒಂದು ದಿನ ಕರೆದು ಹೇಳಿದರು. "ಇರುಪಾಕ್ಷಿ, ನಮ್ಮ ರಾಜಗ ವಯಸ್ಸಾತು. ಇನ್ನ ಎರಡು ವರ್ಷಕ್ಕ ಅಂವನ ಹಲ್ಲು ಬೀಳ್ತಾವ. ಎಲ್ಲೆರ ಹೋಗಿ ಗಂಡಸರ ದನಿ ಮಾಡ್ಕೊಂಡು ಬಾ. ಗಂಗಾವತಿ ಕ್ಯಾಂಪಿಗೆ ಬಂದು ಹಾಡು. ಕೊಡಿ ಏರ್ತು ಅಂದ್ರ ರಾಜನ ಪಾತ್ರ ನಿಂದು."

ಎರಡು ವರ್ಷ. ಆ ಕೊಡೆಯನ್ನೇ ಕಣ್ಣಲ್ಲಿಟ್ಟುಕೊಂಡು ನಾನು ಯಲಬುರ್ಗಾಕ್ಕೆ ಹೋದೆ.

ಅಲ್ಲಿಗೇ ಯಾಕೆ ಅಂದರೆ, ಖಾಸೀಂ ಮಾಸ್ತರು ಗೌರವ್ವನ ಹೆಸರು ಹೇಳಿದ್ದರು. ಗೌರವ್ವ ಹರೆಯದಲ್ಲಿ ದೇಸಾಯರ ವಾಡೆಗಳಲ್ಲಿ ಹಾಡಿದವಳು. ಹೈದರಾಬಾದ್ ಕಡೆಯ ಒಬ್ಬ ಉಸ್ತಾದರ ಹತ್ತಿರ ಹನ್ನೆರಡು ವರ್ಷ ಕಲಿತಿದ್ದಳಂತೆ. ಹಾಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಇದ್ದ ಚೂರು ಹೊಲದ ಜೋಳ, ಒಂದು ಎಮ್ಮೆ, ಗೋಡೆಗೆ ಒರಗಿಸಿದ ಒಂದು ತಂಬೂರಿ, ಇಷ್ಟೇ ಅವಳ ಮನೆ. ನಾನು ರಾಣಿಯ ಪಾರ್ಟು ಮಾಡಿದ್ದನ್ನು ಯಲಬುರ್ಗಾ ಕ್ಯಾಂಪಿನಲ್ಲಿ ನೋಡಿದ್ದಳು.

"ಏನ್ ಬೇಕಾಗಿತ್ತು ರಾಣಿ?" ಎಂದಳು.

"ಹಾಡು ಕಲೀಬೇಕ್ರಿ ಅವ್ವಾರ."

"ಹಾಡು."

ಹಾಡಿದೆ. ಮೇಲಿನ ಸ್ವರಕ್ಕೆ ಹೋದಾಗ ಅವಳ ಕಣ್ಣು ನನ್ನ ಎಡಗೈ ಮೇಲೆ ನಿಂತಿತು. ಅಂಗಿ ಧೋತರ ಉಟ್ಟ ನಾನು ಇಲ್ಲದ ಸೆರಗನ್ನು ಭುಜದ ಮೇಲೆ ಹಿಡಿದುಕೊಂಡು ಬಾಗಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ.

"ಸೆರಗು ಜಾರೂದಿಲ್ಲ, ಕೈ ಬಿಡು," ಎಂದಳು. ನಗಲಿಲ್ಲ.

ಹೊಲ, ಎಮ್ಮೆ, ನೀರು, ಕಟ್ಟಿಗೆ, ಇವೆಲ್ಲ ನನ್ನ ಪಾಲಿಗೆ. ಊಟ ಅವಳದು. ಬೆಳಕು ಹರಿಯುವ ಹೊತ್ತಿಗೆ ಪಡಸಾಲೆಯಲ್ಲಿ ತಂಬೂರಿ ಹಿಡಿದು ಕೂತು ಒಂದೇ ಸ್ವರ, ಸ. ಗೌರವ್ವ ಎದುರಿಗೆ ಕಾಲು ಚಾಚಿ ಕೂತು ಮೊರದಲ್ಲಿ ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸುತ್ತ ಜೋಳ ಹಸನು ಮಾಡುತ್ತಿದ್ದಳು. ಪೇಟಿ ಇಲ್ಲ, ತಬಲಾ ಇಲ್ಲ, ಜನ ಇಲ್ಲ. ಆರು ತಿಂಗಳು ಸ. ಆಮೇಲೆ ಭೂಪ ರಾಗದ ಐದು ಸ್ವರ, ರಾತ್ರಿಯ ರಾಗವಾದರೂ ಕಲಿಯುವವನಿಗೆ ಹೊತ್ತಿಲ್ಲ ಎಂದು. ಅಷ್ಟೇ.

ಇಲ್ಲಿ ಕೊಡೆ ಎಲ್ಲಿಂದ ತರುವುದು? ಸುಧಾರಿಸುತ್ತಿದ್ದೇನೋ ಕೆಡುತ್ತಿದ್ದೇನೋ ಗೊತ್ತಾಗುವುದು ಹೇಗೆ? ನಾನು ಒಂದು ಉಪಾಯ ಮಾಡಿದೆ. ಒಂದು ಉಸಿರಿನಲ್ಲಿ ಸ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಂಬೂರಿ ಮೀಟುವುದನ್ನು ಎಣಿಸಿ, ದಿನಾ ಗೋಡೆಯ ಮೇಲೆ ಇದ್ದಲಿಯಿಂದ ಗೀಟು ಹಾಕತೊಡಗಿದೆ. ಗೀಟುಗಳು ಉದ್ದವಾಗುತ್ತ ಹೋದವು. ಬಹಳ ಖುಷಿಯಾಗಿತ್ತು. ದೀಪಾವಳಿಯ ಮುಂದೆ ಹೊಲದಿಂದ ಬಂದು ನೋಡಿದರೆ ಗೋಡೆಗೆಲ್ಲ ಸುಣ್ಣ ಬಳಿದಿದ್ದಳು.

"ಅವ್ವಾರ, ನನ್ನ ಗೀಟು?"

"ಗ್ವಾಡಿ ಹಾಡ್ತೈತೇನು?" ಎಂದಳು, ಕುಂಚ ತೊಳೆಯುತ್ತ.

ಅಂದಿನಿಂದ ನನಗೆ ಉಳಿದದ್ದು ಅವಳ ಮುಖವೊಂದೇ. ಅವಳು ಎಂದೂ ಛಲೋ ಎನ್ನುತ್ತಿರಲಿಲ್ಲ, ಕೆಟ್ಟತು ಎಂದೂ ಎನ್ನುತ್ತಿರಲಿಲ್ಲ. ಆದರೆ ಕೆಲವು ಸಲ ನಾನು ಹಾಡುತ್ತಿದ್ದಾಗ ಮೊರ ನಿಲ್ಲಿಸಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಆಗ ನನಗೆ ಕಂಪನಿಯ ಜನ ಜಗಿಯುವುದನ್ನು ನಿಲ್ಲಿಸಿದ್ದು ನೆನಪಾಗುತ್ತಿತ್ತು. ಎದೆ ಉಬ್ಬುತ್ತಿತ್ತು. ಅವಳ ಮೊರ ಎಲ್ಲಿ ನಿಂತಿತೋ ಆ ಜಾಗವನ್ನು ನೆನಪಿಟ್ಟುಕೊಂಡು ಮರುದಿನ ಇನ್ನೂ ಜೋರಾಗಿ ಹಾಡುತ್ತಿದ್ದೆ. ಅವಳು ಮತ್ತೆ ನಿಲ್ಲಿಸುತ್ತಿದ್ದಳು. ಗೆದ್ದೆ ಎಂದುಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಕಂಪನಿ ಗಂಗಾವತಿಗೆ ಬರಲು ಹದಿನೈದು ದಿನ ಉಳಿದಿರಬಹುದು. ಒಂದು ಬೆಳಿಗ್ಗೆ ಎಂದಿನಂತೆ ತಂಬೂರಿ ಮೀಟಿ ಸ ಹಿಡಿದೆ. ದನಿ ಬರಲಿಲ್ಲ. ಬಾಯಿ ತೆರೆದಿದೆ, ಉಸಿರು ಹೋಗುತ್ತಿದೆ, ಎದೆ ನಡುಗುತ್ತಿದೆ, ಆದರೆ ಕಿವಿಗೆ ತಂಬೂರಿಯ ತಂತಿ ಮಾತ್ರ ಕೇಳುತ್ತಿದೆ, ಜೊತೆಗೆ ಗೌರವ್ವನ ಮೊರದ ಸರ ಸರ ಸದ್ದು. ನನ್ನದು ಮಾತ್ರ ಇಲ್ಲ. ಕುಷ್ಟಗಿಯ ರಂಗವೇ ಕಣ್ಣ ಮುಂದೆ ಬಂತು. ಎರಡನೆಯ ಸಲವೂ ದನಿ ಕಳಕೊಂಡೆ ಎಂದುಕೊಂಡೆ. ತಂಬೂರಿ ಕೆಳಗಿಟ್ಟೆ.

"ಯಾಕ ನಿಲ್ಲಿಸಿದಿ?"

"ದನಿ ಹೋತ್ರಿ ಅವ್ವಾರ."

"ಎಲ್ಲಿಗೆ ಹೋತು?"

"ಗೊತ್ತಿಲ್ರಿ. ನನಗ ಕೇಳಿಸವಲ್ದು."

ಅವಳು ಮೊರ ಕುಟ್ಟಿ ಹೊಟ್ಟು ಹಾರಿಸಿದಳು. "ಹೋಗ್ಲಿ ಬಿಡು. ಹೋದಲ್ಲೇ ಇರ್ಲಿ."

ನನಗೆ ಬಂದ ಸಿಟ್ಟು ಹೇಳಲಾರೆ. ಎರಡು ವರ್ಷ ಎಮ್ಮೆ ಮೇಯಿಸಿದ್ದಕ್ಕೆ ಈ ಮಾತೇ ಎಂದು ಕುದಿದುಹೋದೆ. ಶುಂಠಿ ಜಗಿದೆ, ಮೆಣಸಿನ ಕಷಾಯ ಕುಡಿದೆ, ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು ಕೂಗಿ ನೋಡಿದೆ. ಕೂಗಿದರೆ ಕೇಳುತ್ತಿತ್ತು. ಹಾಗಾದರೆ ಕೂಗುವುದೇ ಸರಿ ಎಂದು ತೀರ್ಮಾನಿಸಿ ಅವತ್ತಿನಿಂದ ಕೂಗಿದೆ. ಗೌರವ್ವನ ಮೊರ ಪದೇ ಪದೇ ನಿಂತಿತು. ಧೈರ್ಯ ಬಂತು. ಹೊರಡುವ ದಿನ ಕಾಲಿಗೆ ಬಿದ್ದೆ. "ಹೋಗಿ ಬಾ ರಾಣಿ," ಎಂದಳಷ್ಟೇ.

ಗಂಗಾವತಿ. ಬತ್ತದ ಗದ್ದೆಗಳ ಕೂಳೆಯ ವಾಸನೆ, ಹೊಸ ತಗಡಿನ ಥೇಟರು, ಅದೇ ಬಂಡಿ, ಅದೇ ಪರದೆ. ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಕಂಪನಿಯೆಲ್ಲ ಸೇರಿತ್ತು. ಖಾಸೀಂ ಮಾಸ್ತರು ಪೇಟಿ ಹಿಡಿದರು. ಮಾಲಕರು ಕೊಡೆ ಹಿಡಿದು ಹಿಂದಿನ ಬಾಗಿಲ ತನಕ ನಡೆದು ಬೆನ್ನು ಮಾಡಿದರು.

ಹಳೆಯ ಗೆಳೆಯರ ಮುಖ ನೋಡಿದ ಸಂತೋಷಕ್ಕೋ ಏನೋ, ಮೊದಲ ನುಡಿಯನ್ನು ನಾನು ಕೂಗದೆ ಸುಮ್ಮನೆ ಹಿಡಿದೆ. ಮತ್ತೆ ಅದೇ ಆಯಿತು. ಪೇಟಿ ಮಾತ್ರ ಕೇಳುತ್ತಿದೆ, ನಾನಿಲ್ಲ. ದೂರದಲ್ಲಿ ಕೊಡೆ ಕಂಕುಳಲ್ಲೇ ಇತ್ತು. ಹೆದರಿಕೆಯಿಂದ ಎರಡನೆಯ ನುಡಿಗೆ ಗಂಟಲು ಬಿಚ್ಚಿ ಕೂಗಿದೆ. ಕೊಡೆ ಏರಿತು. ಜೊತೆಗೆ ನನ್ನ ಎಡಗೈಯೂ ಏರಿ ಇಲ್ಲದ ಸೆರಗು ಹಿಡಿಯಿತು. ಕಂಪನಿ ಗೊಳ್ಳೆಂದು ನಕ್ಕಿತು.

"ರಾಜಾ ಸೆರಗು ಹೊತ್ತಾನಲ್ರೋ," ಎಂದು ಯಾರೋ ಅಂದರು. ಮಾಲಕರೂ ನಗುತ್ತಲೇ ಬಂದರು. "ಆತು, ಪಾತ್ರ ನಿಂದ. ಆ ಕೈಗೊಂದು ಕತ್ತಿ ಕೊಟ್ಟರ ಸರಿ ಹೋಗ್ತೈತಿ."

ಎರಡು ವರ್ಷ ಕಾಯ್ದದ್ದು ಸಿಕ್ಕಿತು. ಕೈಗೆ ಮರದ ಕತ್ತಿ ಕೊಟ್ಟರು.

ಆ ಮಧ್ಯಾಹ್ನ ಖಾಸೀಂ ಮಾಸ್ತರು ಪೇಟಿಯ ಧೂಳು ಒರೆಸುತ್ತ ಕೂತಿದ್ದರು. ಎಲೆಯಡಿಕೆ ಕೊಟ್ಟರು. "ಬೇಟಾ, ಒಂದು ಕೇಳ್ಲಿ? ಮೊದಲ ನುಡಿಯೊಳಗ ನೀ ಎಲ್ಲಿ ಹೋಗಿದ್ದಿ?"

ನನ್ನ ಮುಖ ಬಾಡಿತು. "ದನಿ ಬರವಲ್ದ್ರಿ ಮಾಸ್ತರ. ಯಲಬುರ್ಗಾದಾಗೂ ಒಂದು ದಿನ ಹಿಂಗ ಆಗಿತ್ತು. ಎರಡನೇ ನುಡೀಗೆ ಹೆಂಗೋ ಸಂಭಾಳಿಸಿದೆ."

"ಸಂಭಾಳಿಸಿದ್ದಲ್ಲ, ಕೆಡಿಸಿದಿ," ಎಂದರು. "ಆರು ವರ್ಷ ನಿನ್ನ ದನಿ ನನ್ನ ಪೇಟಿ ಮ್ಯಾಲೆ ಹತ್ತಿ ಕುಂದರ್ತಿತ್ತು. ಇವತ್ತ ಒಂದು ನುಡಿ ಒಳಗ ಹೋತು. ನೀ ಇನ್ನೂ ಶುರು ಮಾಡೇ ಇಲ್ಲ ಅಂತ ತಲಿ ಎತ್ತಿ ನೋಡಿದೆ, ಬಾಯಿ ತಗದಿದ್ದಿ. ಸ್ವರಾ ಸ್ವರದಾಗ ಕೂಡಿತು ಅಂದ್ರ ನಿನಗ ನಿನ್ನ ದನಿ ಬ್ಯಾರೆ ಎಲ್ಲಿಂದ ಕೇಳಬೇಕು?"

ನಾನು ಎಲೆ ಬಾಯಿಗೆ ಹಾಕಿಕೊಳ್ಳಲಿಲ್ಲ. "ಹಂಗಾರ ಕೊಡಿ ಯಾಕ ಏರಲಿಲ್ರಿ?"

"ಮಾಲಕರು ದೂರ ನಿಂತಿದ್ರು. ಅವರಿಗೆ ಕೇಳಬೇಕಾದ್ದು ಬ್ಯಾರೆ," ಎಂದು ಪೇಟಿಗೆ ಬಟ್ಟೆ ಮುಚ್ಚಿದರು.

ಕೂಡಲೇ ಕತ್ತಿ ಬಿಸಾಕಿ ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ. ರಾಜನಾಗಿ ಐದಾರು ವಾರ ಹಾಡಿದೆ. ಜನ ಮೆಚ್ಚಿದರು. ಕತ್ತಿ ಹಿಡಿದ ಕೈ ಸೆರಗಿಗೆ ಹೋಗುವುದೂ ನಿಂತಿತು. ಆದರೆ ದಿನಾ ಬೆಳಿಗ್ಗೆ ಮಾಸ್ತರ ಪೇಟಿಯ ಮುಂದೆ ಕೂತು ಆ ಮೊದಲ ನುಡಿಯನ್ನು ಹುಡುಕುತ್ತಿದ್ದೆ. ರಾತ್ರಿ ಕೂಗಿದ ಗಂಟಲಿಗೆ ಅದು ಸಿಗುತ್ತಿರಲಿಲ್ಲ. ನನ್ನ ದನಿ ನನಗೆ ಚೆನ್ನಾಗಿ ಕೇಳುತ್ತಿತ್ತು. ಅದೇ ದುಃಖ. ಇನ್ನು ಸ್ವಲ್ಪ ದಿನ ಹೀಗೇ ಹಾಡಿದರೆ, ಒಳಗೆ ಹೋದ ಆ ದಾರಿಯೇ ಮರೆತುಹೋಗುತ್ತದೆ ಎಂದು ಗೊತ್ತಾಗತೊಡಗಿತು.

ಕ್ಯಾಂಪು ಮುಗಿದ ದಿನ ಕತ್ತಿಯನ್ನು ಮಾಲಕರ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ. "ಹುಚ್ಚ ಅದಿ," ಎಂದರು. ಸ್ವಲ್ಪ ತಡೆದು, "ರಾಣಿ ಪಾರ್ಟು ಮಾತ್ರ ನಿನ್ನಂಗ ಯಾರೂ ಮಾಡ್ಲಿಲ್ಲ," ಎಂದೂ ಹೇಳಿದರು. ಇಪ್ಪತ್ತನೆಯ ವಯಸ್ಸಿನ ನನ್ನ ನಿವೃತ್ತಿಯ ಸಮಾರಂಭ ಅಷ್ಟೇ.

ಯಲಬುರ್ಗಾದಲ್ಲಿ ಗೌರವ್ವ ಏನೂ ಕೇಳಲಿಲ್ಲ. "ಎಮ್ಮಿ ಬಿಡು ಹೋಗು," ಎಂದಳು. ಹತ್ತಿ ಜಿನ್ನಿನಲ್ಲಿ ತೂಗುವ ಕೆಲಸ ಸಿಕ್ಕಿತು, ಈಗಲೂ ಅದೇ ಇದೆ. ಬೆಳಗಿನ ಹೊತ್ತು ಮಾತ್ರ ಪಡಸಾಲೆಯದು. ಗಂಟಲಿನ ಕೂಗು ಇಳಿಯಲು ಐದು ತಿಂಗಳು ಹಿಡಿಯಿತು. ಗೀಟು ಹಾಕಲಿಲ್ಲ. ಅವಳ ಮುಖ ನೋಡುವುದನ್ನೂ ಬಿಟ್ಟೆ, ತಂಬೂರಿಯ ಕಡೆಗೇ ಕಿವಿ.

ಮಳೆಗಾಲ ಹಿಂದಾದ ಒಂದು ಬೆಳಿಗ್ಗೆ ಭೂಪ ಹಾಡುತ್ತಿದ್ದೆ. ಸ ಹಿಡಿದೆ, ನಾನು ಇಲ್ಲವಾದೆ. ಈ ಸಲ ಹೆದರಲಿಲ್ಲ, ಅಲ್ಲೇ ಇದ್ದೆ. ಎಷ್ಟು ಹೊತ್ತು ಹಾಡಿದೆನೋ ಗೊತ್ತಿಲ್ಲ. ತಂಬೂರಿ ಇಳಿಸಿದಾಗ ಬಿಸಿಲು ಹೊಸ್ತಿಲು ದಾಟಿ ಬಂದಿತ್ತು. ಎಡಗೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು.

ಗೌರವ್ವ ಬರಿದಾದ ಮೊರವನ್ನು ನೆಲಕ್ಕೆ ಎರಡು ಸಲ ಬಡಿದು ಗೋಡೆಗೆ ಒರಗಿಸಿದಳು. ಅವಳ ಪಕ್ಕದಲ್ಲಿ ಹಸನಾದ ಜೋಳದ ರಾಶಿ.

"ಇವತ್ತ ಜ್ವಾಳ ಮುಗಿದ್ವಲ್ಲೋ," ಎಂದಳು.

"ಮುಗಿದ್ರ ಏನಾತ್ರಿ ಅವ್ವಾರ?" ಎಂದೆ.

"ನೀ ಬಂದಾಗಿಂದ ಒಂದು ಮೊರದ ಜ್ವಾಳ ಕುಂತಲ್ಲೆ ಮುಗದಿದ್ದಿಲ್ಲ. ಸ್ವರಾ ತಪ್ಪಿದ ಕೂಡ್ಲೆ ಕೈ ನಿಂತು ಬಿಡ್ತಿತ್ತು. ಎಷ್ಟು ಸಲ ಹಳ್ಳು ಹಂಗ ಹೋಗಿ ರೊಟ್ಟ್ಯಾಗ ಹಲ್ಲಿಗೆ ಸಿಕ್ಕಾವ. ನೀ ತಿಂದಿಲ್ಲೇನು?"

ತಿಂದಿದ್ದೆ. ಎರಡು ವರ್ಷ ತಿಂದಿದ್ದೆ. ಅವಳ ರೊಟ್ಟಿಯಲ್ಲಿ ಹಳ್ಳು ಸಿಗುತ್ತದೆ ಎಂದು ಒಳಗೊಳಗೇ ಬೈದುಕೊಂಡೂ ಇದ್ದೆ.

ಮೊನ್ನೆ ಕಂಪನಿಯ ಹಳೆಯ ಗೆಳೆಯನೊಬ್ಬ ಜಿನ್ನಿಗೆ ಬಂದಿದ್ದ. ಕಂಪನಿಗೆ ಈಗ ಧ್ವನಿವರ್ಧಕ ಬಂದಿದೆಯಂತೆ. ಮಾಲಕರ ಕೊಡೆ ಬರೀ ಬಿಸಿಲಿಗಂತೆ. ಆ ಕೊಡೆ ಏರುವುದನ್ನು ಇನ್ನೊಮ್ಮೆ ನೋಡಬೇಕು ಎಂದು ಈಗಲೂ ಅನಿಸುತ್ತದೆ. ಹೊಸದಾಗಿ ಹಾಡಲು ಬರುವ ನಿಮಗೆ ಕೊಡೆಯಿಲ್ಲ, ಕೂಗಬೇಕಾಗಿಯೂ ಇಲ್ಲ, ಅದು ನಿಮ್ಮ ಭಾಗ್ಯ. ಆದರೆ ಯಂತ್ರ ನಿಮ್ಮ ದನಿಯನ್ನು ನಿಮಗೇ ದೊಡ್ಡದಾಗಿ ಕೇಳಿಸುತ್ತದೆ, ಅಷ್ಟು ನೆನಪಿರಲಿ. ಜನ ಕೆಲಸ ನಿಲ್ಲಿಸಿ ನೋಡಿದರೆಂದು ಉಬ್ಬುವ ಮೊದಲು, ಯಾಕೆ ನಿಲ್ಲಿಸಿದರು ಎಂದು ಒಂದು ಸಲ ಯೋಚಿಸಿ.

ಗೌರವ್ವ ಈಗಲೂ ಛಲೋ ಎಂದಿಲ್ಲ. ರೊಟ್ಟಿಯಲ್ಲಿ ಹಳ್ಳು ಸಿಗುವುದು ಕಡಿಮೆಯಾಗಿದೆ.

ನೀವು ಹಾಡು ಕಲಿಯುತ್ತಿದ್ದರೆ, ಅಥವಾ ಕಲಿತು ಬಿಟ್ಟಿದ್ದರೆ, ಸ್ವರ ಸರಿಯಾಯಿತು ಎಂದು ನಿಮಗೆ ಗೊತ್ತಾದದ್ದು ಯಾವುದರಿಂದ? ಯಾರ ಕೈ ನಿಂತಿತ್ತು, ಯಾರ ಕೈ ಮುಂದುವರಿಯಿತು? ನಾಲ್ಕು ಸಾಲಾದರೂ ಬರೆದು ಕಳಿಸಿ. ಪಡಸಾಲೆಯಲ್ಲಿ ಗೌರವ್ವನಿಗೆ ಓದಿ ಹೇಳುತ್ತೇನೆ, ಅವಳು ಜೋಳ ಹಸನು ಮಾಡುತ್ತ ಕೇಳುತ್ತಾಳೆ.